ಮನೆಗೊಂದಾಳು

ಯಾರಿಗೂ ಹೇಳದ ಒಂದು ಸಂಗತಿಯನ್ನು ಮೊದಲು ಬರೆದುಬಿಡುತ್ತೇನೆ. ನಾಲ್ಕು ಜನರ ಎದುರು ನಿಂತರೆ ನನ್ನ ಗಂಟಲಿನಿಂದ ಸ್ವರ ಹೊರಡುವುದಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದೆ. ಹಾಜರಿ ಕರೆದಾಗ 'ಪ್ರೆಸೆಂಟ್' ಅಂದದ್ದು ಬಿಟ್ಟರೆ ತರಗತಿಯಲ್ಲಿ ಇನ್ನೊಂದು ಮಾತಾಡಿದ ನೆನಪಿಲ್ಲ. ಅದು ಕೂಡ ಎಷ್ಟೋ ಸಲ ಯಾರಿಗೂ ಕೇಳಿಸದೆ ಗೈರುಹಾಜರಿ ಬಿದ್ದಿತ್ತು. ಆಡದೆ ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡು ಹಗುರಾಗುತ್ತಿದ್ದೆ.

ಇಂಥವಳಿಗೆ, ಐವತ್ತೇಳನೇ ಇಸವಿಯ ಜುಲೈ ಕೊನೆಯ ವಾರ, ಅಪ್ಪ ಹೇಳಿದರು: "ಆಗಸ್ಟ್ ಹದಿನೈದಕ್ಕೆ ನಮ್ಮ ಬೀದಿಗೆ ನನ್ನ ಹೆಸರಿಡ್ತಾರೆ ಕಮಲಾಕ್ಷಿ. ನನ್ನ ಬಗ್ಗೆ ಎರಡು ಪುಟ ಬರಿ. ಅವತ್ತು ಎಲ್ಲಾರ ಮುಂದೆ ನೀನೇ ಓದ್ಬೇಕು."

ಹೇಗೆ ಓದುವುದು ಎಂಬ ಭಯದಲ್ಲಿ, ಏನು ಬರೆಯುವುದು ಎಂಬ ಪ್ರಶ್ನೆ ಎರಡು ದಿನ ನನಗೆ ಏಳಲೇ ಇಲ್ಲ.

ನಮ್ಮದು ಹೊಳೆನರಸೀಪುರದಲ್ಲಿ ಹೇಮಾವತಿಗೆ ಇಳಿಯುವ ಬೀದಿ. ಬೆಳಿಗ್ಗೆ ಎಮ್ಮೆಗಳು, ಹೊತ್ತೇರಿದ ಮೇಲೆ ಬಟ್ಟೆಯ ಗಂಟುಗಳು, ಸಂಜೆ ಮತ್ತೆ ಎಮ್ಮೆಗಳು ಹೋಗುವ ದಾರಿ. ಎಲ್ಲರ ಬಾಯಲ್ಲೂ ಅದು ಹೊಳೆ ಬೀದಿ. ಈಗ ಅದು 'ದೇಶಸೇವಕ ನಂಜಪ್ಪ ರಸ್ತೆ' ಆಗಬೇಕೆಂದು ಹೆಸರಿನ ಸಮಿತಿ ತೀರ್ಮಾನಿಸಿತ್ತು. ಸಮಿತಿಯ ಕಾರ್ಯದರ್ಶಿ ರಿಟೈರಾದ ಹೆಡ್‌ಮಾಸ್ಟರ್ ಪಂಚಾಕ್ಷರಯ್ಯನವರು. ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಅವರು ಅಪ್ಪನಿಗೆ ವಿವರಿಸುತ್ತಿದ್ದರು.

"ಗಾಂಧಿ ರಸ್ತೆ ಆಯ್ತು, ನೆಹರು ರಸ್ತೆ ಆಯ್ತು. ಅವು ಯಾವ ಊರಲ್ಲಿ ಇಲ್ಲ ಹೇಳಿ? ಹಾಸನಕ್ಕೆ ಹೋದ್ರೂ ಅದೇ, ಅರಕಲಗೂಡಿಗೆ ಹೋದ್ರೂ ಅದೇ. ಹೊಸ ರಾಜ್ಯ ಆಗಿ ವರ್ಷ ತುಂಬ್ತಾ ಬಂತು, ಸ್ವಾತಂತ್ರ್ಯಕ್ಕೆ ಹತ್ತು ವರ್ಷ. ದೇಶ ಕಟ್ಟೋದ್ರಲ್ಲಿ ನಮ್ಮೂರಿನ ಒಂದು ಇಟ್ಟಿಗೆನೂ ಇದೆ ಅಂತ ಮಕ್ಕಳಿಗೆ ಗೊತ್ತಾಗೋದು ಬೇಡ್ವೇ?"

"ಬದುಕಿರೋರ ಹೆಸರು ಇಡಬಹುದೋ ಇಲ್ಲವೋ..." ಅಪ್ಪ ಸಂಕೋಚ ತೋರಿಸಿದರು.

"ಇಡಬಾರ್ದು ಅಂತ ರೂಲ್ಸೇನೂ ಇಲ್ಲ."

ಬಾಗಿಲಲ್ಲಿ ಕೂತಿದ್ದ ನನ್ನ ಅಜ್ಜಿ, ಅಪ್ಪನ ತಾಯಿ ದೊಡ್ಡತಾಯಮ್ಮ, ನಡುವೆ ಬಾಯಿ ಹಾಕಿದಳು. "ಒಳೆ ಬೀದಿ ಅಂದ್ರೆ ಒಳೆ ಯಾವ್ ಕಡೀಕೈತೆ ಅಂತಾದ್ರೂ ಗೊತ್ತಾಯ್ತದೆ ಮೇಷ್ಟ್ರೇ. ಇವನ್ ಎಸ್ರು ಇಟ್ಬುಟ್ರೆ ಎಮ್ಮೆಗೋಳು ಎಲ್ಲಿಗೋಗ್ಬೇಕು?"

ಪಂಚಾಕ್ಷರಯ್ಯನವರು ನಕ್ಕರು. ಅಪ್ಪ ನಗಲಿಲ್ಲ. ಆಗಲೇ ನನಗೆ ಸಣ್ಣದಾಗಿ ಏನೋ ಚುಚ್ಚಿತು. ಅಜ್ಜಿಯ ಮಾತಿಗೆ ಅಪ್ಪ ಯಾವಾಗಲೂ ನಗುತ್ತಿದ್ದವರು.

ಊರಿಗೆ ಗೊತ್ತಿದ್ದ ಕತೆ ಇಷ್ಟು. ನಲವತ್ತೇಳರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಮಹಾರಾಜರ ಆಡಳಿತವೇ ಮುಂದುವರಿದಿತ್ತು. ಜನರ ಸರ್ಕಾರ ಬೇಕೆಂದು ಸೆಪ್ಟೆಂಬರಿನಲ್ಲಿ ಸತ್ಯಾಗ್ರಹ ನಡೆದು ಸಾವಿರಾರು ಜನ ಜೈಲಿಗೆ ಹೋದರು. ಅಪ್ಪನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಇತ್ತು. ಅಲ್ಲಿಯ ತಂಡವನ್ನು ಸೇರಿಕೊಂಡು, ಅಲ್ಲೇ ಬಂಧನಕ್ಕೆ ಒಳಗಾಗಿ, ತಿಂಗಳು ಜೈಲಿನಲ್ಲಿದ್ದು, ಅಕ್ಟೋಬರ್ ನಡುವಿನಲ್ಲಿ ಊರಿಗೆ ಬಂದರು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಮೆರವಣಿಗೆ. ನನಗಾಗ ಹನ್ನೊಂದು ವರ್ಷ. ಅಪ್ಪನ ಕೊರಳಿನ ಚೆಂಡುಹೂವಿನ ಹಾರ ನನ್ನ ಕೊರಳಿಗೆ ಬಂದದ್ದು, ಅದರ ಎಸಳು ಎರಡು ದಿನ ಜಡೆಯಲ್ಲಿ ಉಳಿದದ್ದು ಚೆನ್ನಾಗಿ ನೆನಪಿದೆ.

ಅದೇ ತಿಂಗಳಲ್ಲಿ ಇನ್ನೊಬ್ಬ ಕೂಡ ಜೈಲಿನಿಂದ ಊರಿಗೆ ಬಂದಿದ್ದ. ಲಕ್ಕಯ್ಯ. ಅವನ ಅಪ್ಪನ ಕಾಲದಿಂದ ನಮ್ಮ ಮನೆಯ ಆಳು. ಅವನಿಗೆ ಯಾರೂ ಹಾರ ಹಾಕಲಿಲ್ಲ. ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದನಂತೆ ಎಂದು ಜನ ಮಾತಾಡಿಕೊಂಡರು. ಅಂದಿನಿಂದ ಅವನು 'ಜೈಲ್ ಲಕ್ಕ'. ಅಪ್ಪ ಮಾತ್ರ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ನಂಜಪ್ಪನವರದು ದೊಡ್ಡ ಮನಸ್ಸು ಎಂದು ಊರು ಹೊಗಳಿತು.

ಇದನ್ನೂ ಬರೆದುಬಿಡುತ್ತೇನೆ. ಲಕ್ಕಯ್ಯ ಹಿತ್ತಲಿಗೆ ಬಂದು ಹೋದ ದಿನವೆಲ್ಲ ನಾನು ಬಚ್ಚಲ ಪಕ್ಕದ ಹಿತ್ತಾಳೆ ಚೊಂಬುಗಳನ್ನು ಎಣಿಸುತ್ತಿದ್ದೆ. ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತೊಂದರವರೆಗೆ. ಒಂದು ಸಲವೂ ಕಡಿಮೆ ಬಂದಿರಲಿಲ್ಲ. ಆದರೂ ಎಣಿಸುವುದನ್ನು ಬಿಟ್ಟಿರಲಿಲ್ಲ.

ಎರಡು ದಿನ ಕಳೆದು ಪಂಚಾಕ್ಷರಯ್ಯನವರು ನನಗೊಂದು ಕಾಗದ ಕೊಟ್ಟರು. ಜೈಲಿನ ದಾಖಲೆಯ ನಕಲು. "ತಾರೀಕು ಗೀರೀಕು ಇದರಿಂದ ತಗೋಮ್ಮ. ಬರವಣಿಗೆಗೆ ಒಂದು ಆಧಾರ ಇರ್ಲಿ" ಎಂದರು.

ಹೆಸರು: ನಂಜಪ್ಪ, ಹೊಳೆನರಸೀಪುರ. ಬಂಧನದ ಸ್ಥಳ: ಚನ್ನರಾಯಪಟ್ಟಣ. ಒಳಗೆ ಬಂದ ದಿನ, ಬಿಡುಗಡೆಯಾದ ದಿನ. ಅದರ ಕೆಳಗೆ ಇನ್ನೆರಡು ಸಾಲು. ಗುರುತಿನ ಚಿಹ್ನೆ: ಎಡಗಿವಿಯ ಹಾಲೆ ಹರಿದಿದೆ. ಸಹಿ: ಎಡಗೈ ಹೆಬ್ಬೆಟ್ಟಿನ ಗುರುತು.

ಅಪ್ಪ ಲೋಯರ್ ಸೆಕೆಂಡರಿ ಪಾಸಾದವರು. ಅವರ ಸಹಿ ಎಷ್ಟು ಚೆಂದವೆಂದರೆ ನಾನು ಚಿಕ್ಕವಳಿದ್ದಾಗ ಅದನ್ನೇ ನೋಡಿ ತಿದ್ದುತ್ತಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ರೊಟ್ಟಿ ತಿನ್ನಲು ಕೂತಾಗ ನಾನು ಅವರ ಎಡಗಡೆಗೆ ಹೋಗಿ ಕೂತೆ. ಎಡಗಿವಿ ದುಂಡಗೆ, ಇಡಿಯಾಗಿ ಇತ್ತು. ಮನೆಯಲ್ಲಿ ಹುಟ್ಟಿ ಬೆಳೆದ ಮಗಳು ಅಪ್ಪನ ಕಿವಿಯನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದಾಳಲ್ಲ ಎನಿಸಿ ನಾಚಿಕೆಯಾಯಿತು. ಆದರೂ ಕೇಳಿದೆ.

"ಅಪ್ಪಾ, ಜೈಲಲ್ಲಿ ಊಟಕ್ಕೆ ಏನ್ ಕೊಡ್ತಿದ್ರು?"

"ಮುದ್ದೆ."

"ಜೊತೇಲಿ ಯಾರ್ಯಾರಿದ್ರು?"

"ಇದ್ರು, ಎಲ್ಲಾರೂ ಇದ್ರು." ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಇದೇನೇ, ಪೊಲೀಸ್ನೋರ ಥರ ಕೇಳ್ತೀಯ?"

"ಬರಿಯೋಕೆ ಬೇಕಿತ್ತು. ಹೆಬ್ಬೆಟ್ಟು ಒತ್ತಿದೀರಂತೆ?"

"ಆಗ ಎಲ್ಲಾರ ಹತ್ರನೂ ಒತ್ತಿಸ್ಕೊಳ್ತಿದ್ರು. ಯಾರಿಗೆ ಪುರಸೊತ್ತಿತ್ತು ಸಹಿ ನೋಡೋಕೆ!" ಎಂದು ನಕ್ಕರು. ಕಿವಿಯ ಬಗ್ಗೆ ನಾನು ಕೇಳಲಿಲ್ಲ. ಒಲೆಯ ಮುಂದೆ ಅಮ್ಮ ಅನಸೂಯಮ್ಮ ನಮಗೆ ಬೆನ್ನು ತಿರುಗಿಸಿ ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ಅವಳು ಅದನ್ನು ತಿರುವಲಿಲ್ಲ.

ಆ ದಿನ ಡೈರಿಯಲ್ಲಿ ಎಲ್ಲವನ್ನೂ ಬರೆದು, ಆ ಪುಟದ ನಡುವೆ ನನ್ನ ಒಂದು ಕೂದಲೆಳೆ ಇಟ್ಟು ಮುಚ್ಚಿದೆ. ಹಾಸ್ಟೆಲಿನಲ್ಲಿ ಕಲಿತ ಉಪಾಯ. ಮರುದಿನ ತೆರೆದರೆ ಎಳೆ ಇರಲಿಲ್ಲ. ಅಮ್ಮನೇ ಓದಿರಬೇಕು ಅಂದುಕೊಂಡೆ. ಅವಳು ಅನ್ನ ಬಡಿಸಲು ಬಂದಾಗ ಮುಖ ನೋಡಿದೆ, ಅವಳೂ ನನ್ನ ಮುಖ ನೋಡಿದಳು.

ಅಟ್ಟದ ಮೇಲೆ ನನ್ನ ಸ್ಕೂಲಿನ ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ನನ್ನ ಮೊದಲ ಡೈರಿ. ಡೈರಿ ಅಂದರೆ ದಿನಕ್ಕೆ ಎರಡು ಸಾಲು ಬರೆಯಿರಿ ಎಂದು ಸ್ಕೂಲಿನಲ್ಲಿ ಹೇಳಿದ್ದಕ್ಕೆ ಬರೆದ ಕಾಪಿ ಪುಸ್ತಕ. ಅಮ್ಮ ಮಧ್ಯಾಹ್ನ ಮಲಗಿದಾಗ ಏಣಿ ಹತ್ತಿದೆ. ಸೆಪ್ಟೆಂಬರ್ ತಿಂಗಳ ಪುಟಗಳೆಲ್ಲ 'ಕೊಣನೂರು' ಎಂದು ಶುರುವಾಗುತ್ತಿದ್ದವು. ಅಮ್ಮನ ತವರು. ದಪ್ಪ ದಪ್ಪ ಅಕ್ಷರದಲ್ಲಿ ಹೀಗಿತ್ತು:

'ಕಾವೇರಿ ತುಂಬಿದೆ. ನಾನು ಅಪ್ಪನ ಜೊತೆ ಚೌಕಾಬಾರ ಆಡಿ ಗೆದ್ದೆ.'

'ಅಪ್ಪ ಅಟ್ಟದ ಕೋಣೆಯಲ್ಲಿ ಮಲಗುತ್ತಾರೆ. ಯಾರಾದರೂ ಕೇಳಿದರೆ ಅಪ್ಪ ಇಲ್ಲಿಲ್ಲ ಎನ್ನಬೇಕಂತೆ.'

'ಇವತ್ತು ಒಬ್ಬರು ಕೇಳಿದರು. ನಾನು ಅಪ್ಪ ಇಲ್ಲಿಲ್ಲ ಎಂದೆ. ತಾತ ನನಗೆ ಬೆಲ್ಲ ಕೊಟ್ಟರು.'

ಏಣಿಯ ಮೇಲೇ ಕೂತುಬಿಟ್ಟೆ. ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನನ್ನ ಕೈಬರಹದಲ್ಲೇ ಇತ್ತು. ಹೇಳಿಕೊಟ್ಟದ್ದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಅಪ್ಪ ಅಲ್ಲಿರಲಿಲ್ಲ ಎಂದು ನಾನೂ ನಂಬಿಬಿಟ್ಟಿದ್ದೆ.

ಹಾಗಾದರೆ ಹೆಬ್ಬೆಟ್ಟು ಯಾರದು?

ಅದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಗಾಡಿಯಿಂದ ಕಾಯಿ ಇಳಿಸಿದ ಲಕ್ಕಯ್ಯ ಹಿತ್ತಲಲ್ಲಿ ನಿಂತು ನೀರು ಕೇಳಿದ. ಅವನಿಗೆ ನಮ್ಮ ಮನೆಯಲ್ಲಿ ಚೊಂಬು ಕೊಡುವ ರೂಢಿ ಇಲ್ಲ. ಅವನು ಬೊಗಸೆ ಒಡ್ಡಿ ಬಗ್ಗುತ್ತಾನೆ, ನಾವು ಮೇಲಿಂದ ಹೊಯ್ಯುತ್ತೇವೆ. ಸೆಕೆಗೆ ಅವನು ತಲೆಯ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ಯಾವಾಗಲೂ ಬಟ್ಟೆಯ ಒಳಗೆ ಇರುತ್ತಿದ್ದ ಅವನ ಎಡಗಿವಿ ನನ್ನ ಕಣ್ಣಿನ ಕೆಳಗೇ ಇತ್ತು. ಹಾಲೆ ಎರಡಾಗಿ ಸೀಳಿತ್ತು.

"ಸಾಕು ಅಮ್ಮಣ್ಣಿ, ಸಾಕು" ಎಂದು ಅವನು ಎರಡು ಸಲ ಹೇಳಿದ ಮೇಲೆ ಚೊಂಬು ಎತ್ತಿದೆ. ಅವನ ಪಂಚೆಯೆಲ್ಲ ನೆನೆದಿತ್ತು.

"ಕಿವಿಗೆ ಏನಾಗಿತ್ತು ಲಕ್ಕಯ್ಯಾ?"

"ಓರಿ ತಿವಿದಿತ್ತು. ಚಿಕ್ಕುಡ್ಗ ಆಗಿದ್ದಾಗ." ಟವೆಲನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು, "ಯಾಕೆ?" ಎಂದು ನನ್ನನ್ನು ಅನುಮಾನದಿಂದ ನೋಡಿದ. ಅವನು ಹೋದ ಮೇಲೆ ನಾನು ಚೊಂಬುಗಳನ್ನು ಎಣಿಸಲಿಲ್ಲ. ಎಣಿಸದೆ ಇರುವುದಕ್ಕೆ ಕಷ್ಟವಾಯಿತು.

ಅಜ್ಜಿ ನಡುಮನೆಯಲ್ಲಿ ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಆರಿಸತೊಡಗಿದೆ. ಅಜ್ಜಿಯ ಹತ್ತಿರ ಮಾತ್ರ ನನ್ನ ಸ್ವರ ಹೊರಡುತ್ತದೆ.

"ಅಜ್ಜೀ, ಜೈಲಿಗೆ ಹೋಗಿದ್ದು ಲಕ್ಕಯ್ಯ ಅಲ್ವಾ?"

ಅವಳು ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ. ಮೊರದಿಂದ ಕಣ್ಣೂ ಎತ್ತಲಿಲ್ಲ.

"ಊ ಕಣ್ ಮಗಾ. ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ? ಹೋಗಿದ್ದು ಅಪ್ಪ ಅಂತ ಕಲ್ಲು ಕೆತ್ತುಸ್ತಿದ್ದಾರೆ!"

"ನಮ್ಮನೆ ಲೆಕ್ಕಕ್ಕೆ ಒಂದಾಳು ಓಯ್ತಲ್ಲ. ಅಳ್ಳೀಲಿ ಕೆರೆ ಏರಿಗೆ ಮಣ್ಣಾಕೋವಾಗ ನಿಮ್ಮ ತಾತ ಏನ್ ಮಂಕ್ರಿ ಒತ್ತಿದ್ರಾ? ಮನೆಗೊಂದಾಳು ಬರ್ಬೇಕು ಅಂತ ತಮ್ಟೆ ಒಡ್ಯೋರು. ಲಕ್ಕನ್ ಅಪ್ಪ ಓಗಿ ಮಣ್ಣಾಕೋನು. ನಿಮ್ಮ ತಾತನ್ ಎಸ್ರಿನ್ ಮುಂದೆ ಗೀಟ್ ಎಳ್ಯೋರು. ಒತ್ತೋನ್ ಎಸ್ರು ಬರ್ಕೊಳೋದು ಯಾವೂರಲ್ ಐತೆ? ಆಳು ಯಾರಾದ್ರೇನು, ಮನೆ ಯಾರ್ದು ಅನ್ನೋದೇ ಲೆಕ್ಕ."

"ಜೈಲು ಕೆರೆ ಏರಿನಾ ಅಜ್ಜಿ?"

"ನಿಮ್ಮಪ್ಪ ಮೀಟಿಂಗ್ನಲ್ಲಿ ಉಮೇದಿಗೆ ಎಸ್ರು ಬರಸ್ಬುಟ್ಟು ಬಂದ. ಮನೆಗೊಬ್ರು ಬರ್ಬೇಕು ಅಂದ್ರಂತೆ. ಮನೆಗ್ ಬಂದ್ಮ್ಯಾಲೆ ಕೈಕಾಲು ನಡ್ಗ, ಊಟ ಸೇರಾಕಿಲ್ಲ. ನಾನೇ ಏಳ್ದೆ, ಮನೆಗೊಂದಾಳು ತಾನೆ, ಲಕ್ಕನ್ ಕಳ್ಸು, ನೀನು ಕೊಣನೂರ್ಗೋಗು ಅಂತ." ಅವಳ ಸ್ವರದಲ್ಲಿ ಹೆಮ್ಮೆಯೇ ಇತ್ತು. "ತಿಂಗ್ಳಿಗೆ ಮುಗೀತಲ್ಲ."

"ಲಕ್ಕಯ್ಯನಿಗೆ ಮುಗೀಲಿಲ್ಲ. ಕಾಯಿ ಕದ್ದು ಹೋದ ಅಂತಾರೆ."

"ಅಂಗಂತ ನಾವೇನ್ ಅಂದ್ವಾ? ಜನ ಅಂದ್ರು."

"ಅಲ್ಲ ಅಂತ ನಾವು ಹೇಳ್ಲಿಲ್ಲ."

"ಅಲ್ಲ ಅಂದಿದ್ರೆ, ಮತ್ಯಾಕೋದ ಅಂತ ಕೇಳ್ತಿರ್ಲಿಲ್ವಾ?" ಎಂದಳು. ಇಷ್ಟು ಸರಳವಾದ ಲೆಕ್ಕ ಬಿ.ಎ. ಓದಿದವಳಿಗೆ ತಿಳಿಯದಲ್ಲ ಎಂಬಂತೆ ನನ್ನನ್ನು ನೋಡಿ, ಒಂದು ಕಲ್ಲನ್ನು ಅಂಗಳಕ್ಕೆ ಎಸೆದಳು.

ಬೀದಿಯ ಬಾಯಲ್ಲಿ ಹೆಸರಿನ ಕಲ್ಲು ನೆಡಲು ಗುಂಡಿ ತೋಡುವ ಕೆಲಸವನ್ನು ಅಪ್ಪ ಲಕ್ಕಯ್ಯನಿಗೇ ವಹಿಸಿದ್ದರು. ಆಗಸ್ಟ್ ಹನ್ನೆರಡನೇ ತಾರೀಕು ನಾನು ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಅಲ್ಲಿಗೆ ಹೋದೆ. ಅವನ ಹೆಂಡತಿ ಮಾದಮ್ಮ ಬುತ್ತಿ ತಂದು ಮರದ ನೆರಳಲ್ಲಿ ಕೂತಿದ್ದಳು. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.

"ಲಕ್ಕಯ್ಯಾ, ಚನ್ನರಾಯಪಟ್ಟಣದಲ್ಲಿ ಹಿಡಿದಾಗ ನೀನು ಏನು ಹೆಸರು ಹೇಳಿದೆ?"

ಅವನು ಹಾರೆಯನ್ನು ಮಣ್ಣಿಗೆ ಊರಿ ನಿಂತ. "ಕೇಳ್ಕೊಂಡ್ ಬಾ ಅಂತ ಯಾರ್ ಕಳ್ಸುದ್ರು? ಬುದ್ಧ್ಯೋರಾ?"

"ಅಪ್ಪ ಕಳಿಸಿಲ್ಲ. ನಾನೇ ಬಂದೆ."

"ಪರೀಕ್ಷೆ ಮಾಡ್ತಾವ್ರಾ ನನ್ನ? ಬಾಯ್ಬುಟ್ನೇನೋ ಅಂತವಾ? ನಾನ್ ಯಾರ್ಗೂ ಏಳಿಲ್ಲ. ಮಾತ್ ಕೊಟ್ಟಿವ್ನಿ. ಓಗ್ರವ್ವ ಮನೆಗೆ."

"ಮಾತ್ ಕೊಟ್ನಂತೆ ಮಾತ!" ಮಾದಮ್ಮ ಅಲ್ಲಿಂದಲೇ ಕೂಗಿದಳು. "ಇವನ್ ಮಾತ್ಗೆ ಮಗ್ಳು ಮನೇಲೇ ಮುದ್ಕಿ ಆಗ್ಲಿ. ಅಮ್ಮಣ್ಣಿ, ನಮ್ ಲಕ್ಷ್ಮಿದೇವೀನ ನೋಡಾಕೆ ಅಳ್ಳಿಮೈಸೂರಿಂದ ಗುಂಡಯ್ಯ ಅನ್ನೋರು ಬಂದಿದ್ರು. ಉಡ್ಗಿ ಒಪ್ಗೆ ಆಯ್ತು. ಎದ್ದು ಓಗೋವಾಗ ಯಾವನೋ ಬೀದೀಲಿ ಊದ್ಬುಟ್ಟ, ಜೈಲ್ ಲಕ್ಕನ್ ಮಗ್ಳು ಅಂತ. ಆ ಗುಂಡಯ್ಯ ತಿರುಕ್ಕೊಂಡ್ ಬಂದು ಕೇಳ್ದ, ಏನಪ್ಪಾ ನೀನ್ ಯಾಕ್ ಜೈಲ್ಗೋದೆ ಅಂತ. ಇವ್ನು ಕಂಬ ನಿಂತಂಗ್ ನಿಂತ್ಕಂಡ."

"ಆಮೇಲೆ?"

"ಕಳ್ತನ ಅಲ್ಲ ಅಂತ ನಾನೇ ಏಳ್ದೆ. ಎಂಡ್ರು ಮಾತು ಯಾರ್ ನಂಬ್ತಾರೆ? ನೀನ್ ಗೇಯೋ ಮನೆಯೋರು ಒಂದ್ ಮಾತು ಬಾಯ್ಬುಟ್ಟು ಏಳ್ಲಿ, ಆಮ್ಯಾಕ್ ನೋಡುಮ, ಗೌರಿ ಅಬ್ಬದ್ ತಂಕ ಕಾಯ್ತೀನಿ ಅಂದ್ಬುಟ್ ಓದ. ಇದು ಎಲ್ಡನೇ ಸಂಬಂಧ ಕಣ್ರವ್ವಾ. ಮೊದ್ಲ್ನೋರು ಕಾಯ್ತೀನಿ ಅಂತ್ಲೂ ಅನ್ಲಿಲ್ಲ."

ಲಕ್ಕಯ್ಯ ಗುಂಡಿಯ ಅಂಚಿನಲ್ಲಿ ಕೂತ. ಮಣ್ಣು ಹಿಸುಕುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಹೇಳಿದ.

"ಎಸ್ರೇನ್ಲಾ ಅಂದ್ರು. ಒಳೆನರಸೀಪುರದ್ ನಂಜಪ್ನೋರ್ ಮನೆ ಕಡೆಯಿಂದ ಬಂದಿವ್ನಿ ಅಂದೆ. ನಂಜಪ್ಪ ಅಂತ ಬರ್ಕಂಡ್ರು. ಕೆರೆ ಕೆಲ್ಸದಲ್ಲೂ ಅಂಗೇ ಅಲ್ವಾ, ನಾನೂ ಸುಮ್ಕಾದೆ. ಒಳೀಕೋದ್ರೆ ಎಲ್ರೂ ನಂಜಪ್ಪನವ್ರೇ ಬನ್ನಿ, ನಂಜಪ್ಪನವ್ರೇ ಕೂತ್ಕಳಿ ಅನ್ನೋರು. ಒಂದೇ ಸಾಲ್ನಲ್ಲಿ ಕೂರ್ಸಿ ಮುದ್ದೆ ಇಕ್ಕೋರು. ನನ್ ಪಕ್ಕದಲ್ಲಿ ಒಬ್ರು ಲಾಯರ್ರು." ಅವನ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಸಂಜೆ ಎಲ್ರೂ ನಿಂತ್ಕಂಡು ಜೈ ಅನ್ನೋರು. ಮೊದಮೊದ್ಲು ನಾನು ಬುದ್ಧ್ಯೋರ್ ಲೆಕ್ಕಕ್ಕೆ ಜೈ ಅಂತಿದ್ದೆ ಅಮ್ಮಣ್ಣಿ. ಆಮ್ಯಾಕೆ ನನ್ ಲೆಕ್ಕಕ್ಕೇ ಅಂದೆ."

ನಾನು ಏನಾದರೂ ಹೇಳಬೇಕಿತ್ತು. ಮಾದಮ್ಮ ನನ್ನ ಬಾಯನ್ನೇ ನೋಡುತ್ತಾ ಕಾದಳು. ಕಾದು ಸಾಕಾಗಿ, "ಓಗ್ಲಿ ಬುಡಿ, ನಿಮ್ಗ್ಯಾಕೆ" ಎಂದು ಬುತ್ತಿ ಬಿಚ್ಚಿದಳು.

ಹದಿಮೂರರ ಸಂಜೆ ಪಂಚಾಕ್ಷರಯ್ಯನವರು ದಾಖಲೆ ವಾಪಸು ಪಡೆಯಲು ಬಂದರು. "ಪೂರ್ತಿ ಓದಿದೆಯೇನಮ್ಮ?" ಎಂದು ಕೇಳಿದರು.

"ಓದಿದೆ."

"ನನಗೆ ಕಣ್ಣು ಮಂಜು. ಕೆಳಗಿನ ಸಾಲುಗಳು ಸರಿಯಾಗಿ ಕಾಣಿಸೋದಿಲ್ಲ" ಎಂದು, ಆ ಕೆಳಗಿನ ಸಾಲುಗಳು ಒಳಗೆ ಬರುವ ಹಾಗೆ ಕಾಗದವನ್ನು ಮಡಚಿ ಜೇಬಿಗಿಟ್ಟರು. ಎದುರು ಮನೆಯ ಗೋಡೆಯ ಮೇಲಿದ್ದ ನೋಟೀಸನ್ನು ಅಲ್ಲಿಂದಲೇ ಓದಿಕೊಂಡು ಇಳಿದು ಹೋದರು. ಅವರು ನನಗೆ ಆ ಕಾಗದ ಕೊಟ್ಟದ್ದು ತಾರೀಕಿಗೋ ಬೇರೆ ಯಾವುದಕ್ಕೋ, ಇವತ್ತಿಗೂ ತಿಳಿಯದು.

ಅವರು ಹೋದ ಮೇಲೆ ಅಪ್ಪ ಒಳಗೆ ಕರೆದರು. ಮೇಜಿನ ಮೇಲೆ ಅವರ ಚೆಂದದ ಕೈಬರಹದ ಎರಡು ಹಾಳೆ ಇದ್ದವು.

"ನೀನು ಬರಿಯೋ ಹಾಗೆ ಕಾಣ್ಲಿಲ್ಲ. ನಾನೇ ಬರ್ದಿದೀನಿ. ಇದನ್ನ ಓದು ಸಾಕು."

ನಾನು ಹಾಳೆ ಮುಟ್ಟಲಿಲ್ಲ.

"ನಿನ್ನ ಡೈರಿ ಓದ್ದೆ" ಎಂದರು. ಕೂದಲೆಳೆ ಎಲ್ಲಿ ಹೋಯಿತೆಂದು ಆಗ ಗೊತ್ತಾಯಿತು. ಅಮ್ಮನನ್ನು ಅಷ್ಟು ದಿನ ಸುಮ್ಮನೆ ಅನುಮಾನಿಸಿದ್ದೆ. "ಓದಬಾರ್ದಿತ್ತು. ಆದ್ರೆ ನೀನು ಕಿವಿ ನೋಡ್ತಾ ಕೂತಿದ್ರೆ ನಾನೇನ್ ಮಾಡ್ಲಿ? ನೋಡು, ಅವತ್ತು ಕೇಳಿದ್ದು ಮನೆಗೊಬ್ಬರನ್ನ. ನಮ್ಮನೆಯಿಂದ ಹೋಯ್ತು. ಯಾರು ಅನ್ನೋದು ದೇಶಕ್ಕೆ ಯಾಕೆ? ಲಕ್ಕನ ಹೆಸರಿನ ಬೀದೀಲಿ ಮನೆ ಮಾಡ್ತಾರಾ ಯಾರಾದ್ರೂ ಈ ಊರಲ್ಲಿ? ಅವನನ್ನ ನಾನೇನ್ ಕೈಬಿಟ್ಟಿದೀನಾ?"

"ಅವನನ್ನ ಕಳ್ಳ ಅಂತಾರೆ" ಎಂದೆ. ಅದು ಎಷ್ಟು ಮೆತ್ತಗೆ ಬಂತೆಂದರೆ ಅಪ್ಪ "ಏನು?" ಎಂದರು. ನಾನು ಮತ್ತೆ ಹೇಳಲಿಲ್ಲ.

ಅಪ್ಪ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಡೈರೀಲಿ ಏನ್ ಬೇಕಾದ್ರೂ ಬರ್ಕೊ. ಅದು ನಿನ್ನ ಪುಸ್ತಕ. ನೀನು ನಾಲ್ಕು ಜನರ ಮುಂದೆ ಬಾಯಿಬಿಡೋಳಲ್ಲ, ನನಗೆ ಗೊತ್ತು. ಬೇರೆ ಯಾರ ಕೈಗೆ ಕೊಟ್ಟಿದ್ರೂ ಒಂದಕ್ಕೆ ನಾಲ್ಕು ಸೇರಿಸಿ, ನೂರು ಪ್ರಶ್ನೆ ಕೇಳೋರು. ಅದಕ್ಕೇ ನಿನ್ನನ್ನೇ ಆರಿಸಿದ್ದು."

ಅಷ್ಟು ದಿನ ನನಗೆ ಒಂದು ಸಣ್ಣ ಖುಷಿ ಇತ್ತು, ಮಗಳು ಓದಲಿ ಎಂದು ಅಪ್ಪನಿಗೆ ಆಸೆ ಎಂದು. ಆ ಕೈ ತಲೆಯ ಮೇಲೆ ಭಾರವಾಯಿತು.

ಆಗಸ್ಟ್ ಹದಿನೈದು. ಬೆಳಿಗ್ಗೆ ಮೋಡ ಇತ್ತು, ಮಳೆ ಇರಲಿಲ್ಲ. ಬೀದಿಯ ಬಾಯಲ್ಲಿ ಕಲ್ಲಿನ ಮೇಲೆ ಖಾದಿ ಬಟ್ಟೆ ಹೊದಿಸಿದ್ದರು. ನಾಲ್ಕು ಕುರ್ಚಿ, 'ವಂದೇ ಮಾತರಂ' ಹೇಳಲು ಬಂದ ಸ್ಕೂಲಿನ ಹುಡುಗಿಯರ ಸಾಲು, ಇನ್ನೂರು ಇನ್ನೂರೈವತ್ತು ಜನ. ಹೊಳೆಗೆ ಹೊರಟಿದ್ದ ಎಮ್ಮೆಗಳನ್ನು ಯಾರೋ ಪಕ್ಕದ ಓಣಿಗೆ ತಿರುಗಿಸಿದ್ದರು. ಅಜ್ಜಿ ಜಗಲಿಯ ಮೇಲೆ, ಅಮ್ಮ ಬಾಗಿಲ ಹಿಂದೆ. ಅಪ್ಪ ಹೊಸ ಖಾದಿ ಜುಬ್ಬ ಹಾಕಿಕೊಂಡು ಕೈ ಮುಗಿದು ನಿಂತಿದ್ದರು. ನನ್ನ ಕೈಯಲ್ಲಿ ಅವರ ಎರಡು ಹಾಳೆ.

ಲಕ್ಕಯ್ಯ ಕಲ್ಲಿನ ಪಕ್ಕದಲ್ಲಿದ್ದ. ಮುಂಜಾನೆ ಕಲ್ಲು ಒಂದಿಷ್ಟು ವಾಲಿದೆ ಎಂದು ಅವನನ್ನು ಕರೆಸಿದ್ದರು. ಬುಡಕ್ಕೆ ಮಣ್ಣು ತುಳಿದು ಗಟ್ಟಿ ಮಾಡಿ, ಈಚೆ ಬರಲು ದಾರಿಯಿಲ್ಲದೆ ಹಾರೆ ಹಿಡಿದು ಅಲ್ಲೇ ನಿಂತುಬಿಟ್ಟಿದ್ದ. ಜನರ ಹಿಂದೆ, ದೂರದಲ್ಲಿ, ಮಾದಮ್ಮ ಮತ್ತು ಲಕ್ಷ್ಮಿದೇವಿ.

ಪಂಚಾಕ್ಷರಯ್ಯನವರು ದೇಶ, ರಾಜ್ಯ, ಊರು, ಬೀದಿ ಎಂದು ಮೆಟ್ಟಿಲು ಇಳಿದ ಹಾಗೆ ಮಾತಾಡಿ, "ಈಗ ನಂಜಪ್ಪನವರ ಸುಪುತ್ರಿ ಅವರ ತ್ಯಾಗದ ಕತೆ ಓದುತ್ತಾರೆ" ಎಂದರು. ನಾನು ಮುಂದೆ ಬಂದೆ. 'ನಮ್ಮ ತಂದೆಯವರು' ಎಂಬ ಮೊದಲ ಎರಡು ಪದಗಳೇ ಮಸುಕಾಗಿದ್ದವು.

ಆಗ ಮುಂದಿನ ಸಾಲಿನಲ್ಲಿದ್ದ ಕೊಬ್ಬರಿ ದಲ್ಲಾಳಿ ಕೆಂಪಣ್ಣ, ಅಪ್ಪನ ಗೆಳೆಯ, ತಮಾಷೆಗೆ ಕೂಗಿದ. "ಲೇ ಜೈಲ್ ಲಕ್ಕ, ದೂರ ನಿಂತ್ಕೊಳ್ಳಲಾ! ಬಟ್ಟೆ ತೆಗ್ಯೋದ್ರೊಳ್ಗೆ ಕಲ್ನೂ ಒತ್ಕಂಡ್ ಓದೀಯ ಕಣ್ಲಾ!"

ಜನ ಹೋ ಎಂದು ನಕ್ಕರು. ಹುಡುಗಿಯರ ಸಾಲು ಕೂಡ ನಕ್ಕಿತು. ಲಕ್ಕಯ್ಯ ಹಾರೆ ಎತ್ತಿಕೊಂಡು, ತಲೆ ತಗ್ಗಿಸಿ, ಜನರ ನಡುವೆ ಯಾರಿಗೂ ತಾಗದ ಹಾಗೆ ಮೈ ಕುಗ್ಗಿಸಿಕೊಂಡು ಹೊರಟ. ನಾನು ಅಪ್ಪನ ಮುಖ ನೋಡಿದೆ. ಅವರು ನಗಬಾರದು ಎಂದು ನನ್ನೊಳಗೆ ಏನೋ ಬೇಡಿಕೊಳ್ಳುತ್ತಿತ್ತು.

ಅಪ್ಪ ನಕ್ಕರು. ಸ್ವಲ್ಪವೇ, ತುಟಿಯ ಅಂಚಿನಲ್ಲಿ, ಎಲ್ಲರೂ ನಗುತ್ತಾರಲ್ಲ ಎಂಬಂತೆ.

ನಾನು ಹಾಳೆ ಮಡಚಿದೆ. ತುಟಿ ಅಲ್ಲಾಡಿತು. ಏನು ಹೇಳಿದೆನೆಂದು ನನಗೆ ಗೊತ್ತಿತ್ತು, ಇನ್ನು ಯಾರಿಗೂ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳಮ್ಮ" ಎಂದರು ಪಂಚಾಕ್ಷರಯ್ಯನವರು. "ಹಿಂದಿನವರಿಗೂ ಕೇಳಲಿ."

ಹಿಂದಿನವರ ಕಡೆ ನೋಡಿದೆ. ಮಾದಮ್ಮ ಅವತ್ತಿನ ಹಾಗೆಯೇ ನನ್ನ ಬಾಯನ್ನು ನೋಡುತ್ತಿದ್ದಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಮೆಲ್ಲನೆ "ಕಮಲಾಕ್ಷೀ" ಎಂದರು.

"ಲಕ್ಕಯ್ಯ ಕದ್ದಿಲ್ಲ" ಎಂದೆ. ಹೊಳೆಯ ದಿಕ್ಕಿಗೂ ಕೇಳಿಸುವಷ್ಟು ಜೋರಾಗಿ ಬಂದ ಆ ಸ್ವರ ನನ್ನದೇ ಎಂದು ನನಗೂ ತಕ್ಷಣ ತಿಳಿಯಲಿಲ್ಲ. "ನಮ್ಮನೆ ಹೆಸರಲ್ಲಿ ಸತ್ಯಾಗ್ರಹಕ್ಕೆ ಹೋಗಿ ಜೈಲಲ್ಲಿದ್ದದ್ದು ನಮ್ಮಪ್ಪ ಅಲ್ಲ, ಲಕ್ಕಯ್ಯ."